ನಾವಿಕನಿಲ್ಲದ ನಾವೆ

ವರವನ್ನು ಕೊಟ್ಟ ದೇವನೇ ವರವನ್ನು ಪಡೆದವನಿಗೆ ಅಂಜಿ ಓಡಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಭಸ್ಮಾಸುರನು ಬೇಡಿದನು, ಭೋಳಾಶಂಕರನು ‘ತಥಾಸ್ತು’ ಎಂದನು. ಮುಟ್ಟಿದ ತಲೆಯನ್ನೆಲ್ಲ ಬೂದಿ ಮಾಡುವ ಆ ಕೈ ಮೊಟ್ಟಮೊದಲು ಚಾಚಿದ್ದು ವರ ಕೊಟ್ಟವನ ತಲೆಯತ್ತಲೇ. ಮೋಹಿನಿ ಬಂದು ಅಸುರನನ್ನು ಕುಣಿಸಿ, ಅವನ ಕೈಯನ್ನು ಅವನ ತಲೆಯ ಮೇಲೆಯೇ ಇರಿಸಿದ್ದರಿಂದ ಲೋಕ ಉಳಿಯಿತು. ಯಕ್ಷಗಾನದ ಬಯಲಾಟದಲ್ಲಿ ಇರುಳೆಲ್ಲ ಕುಳಿತು ಈ ಪ್ರಸಂಗವನ್ನು ನೋಡಿದವರು ನಗುನಗುತ್ತ ಮನೆಗೆ ಮರಳುತ್ತಾರೆ. ಆದರೆ ಆ ನಗೆಯ ಅಡಿಯಲ್ಲಿ ಒಂದು ಪ್ರಶ್ನೆ ಉಳಿದೇ ಇರುತ್ತದೆ: ತಾನು ಕೊಟ್ಟ ಶಕ್ತಿಯನ್ನು ತಾನೇ ಹಿಂದಕ್ಕೆ ಪಡೆಯಲಾರದವನ ಗತಿಯೇನು?

ಇದೇ ಪ್ರಶ್ನೆಯನ್ನು, ಭಸ್ಮಾಸುರನ ಹೆಸರನ್ನೂ ಕೇಳರಿಯದ ಅಮೆರಿಕದಲ್ಲಿ, 1968ರ ಮಾರ್ಚ್ 8ರಂದು ಟೆಲಿವಿಷನ್ ಪರದೆಯ ಮೇಲೆ ಕೇಳಲಾಯಿತು. ಕೇಳಿದ್ದು ‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಲ್ಪನೆಯ ಕಥಾಮಾಲೆ. ಕಂತಿನ ಹೆಸರು ‘ದಿ ಅಲ್ಟಿಮೇಟ್ ಕಂಪ್ಯೂಟರ್’. ‘ಪರಮ ಗಣಕಯಂತ್ರ’ ಎಂದು ನಾವು ಕನ್ನಡಿಸಿಕೊಳ್ಳಬಹುದು. ಐವತ್ತು ನಿಮಿಷದ ಈ ಪುಟ್ಟ ನಾಟಕ ತೆರೆಕಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಆದರೂ ಬೆರಳ ತುದಿಯಲ್ಲಿ ಗಣಕಯಂತ್ರವನ್ನು ಆಡಿಸುತ್ತಿರುವ ಇಂದಿನ ನಮಗೆ ಅದು ಅಂದಿನವರಿಗಿಂತ ಹೆಚ್ಚು ಸಮೀಪದ ಕಥೆಯೆಂದೇ ತೋರುತ್ತದೆ.

ನಕ್ಷತ್ರಯಾನದ ಹಿನ್ನೆಲೆ

ಜೀನ್ ರಾಡನ್‌ಬೆರಿ ಎಂಬ ಲೇಖಕ ಕಲ್ಪಿಸಿ ನಿರ್ಮಿಸಿದ ಈ ಮಾಲೆ 1966ರ ಸೆಪ್ಟೆಂಬರಿನಲ್ಲಿ ಆರಂಭವಾಗಿ, 79 ಕಂತುಗಳನ್ನು ಮುಗಿಸಿ, 1969ರ ಜೂನಿನಲ್ಲಿ ನಿಂತುಹೋಯಿತು. ಸಾಕಷ್ಟು ಪ್ರೇಕ್ಷಕರಿಲ್ಲವೆಂದು ನಿಂತ ಮಾಲೆ, ನಿಂತ ಮೇಲೆಯೇ ಹೆಚ್ಚು ಪ್ರಸಿದ್ಧವಾದದ್ದು ಟೆಲಿವಿಷನ್ ಚರಿತ್ರೆಯ ಒಂದು ವಿನೋದ. 1980ರ ದಶಕದಲ್ಲಿ ನಮ್ಮ ದೂರದರ್ಶನವೂ ಅದನ್ನು ಭಾನುವಾರದ ಬೆಳಿಗ್ಗೆ ಪ್ರಸಾರ ಮಾಡಿತು. ಇಡ್ಲಿ-ಚಟ್ಣಿಯ ತಟ್ಟೆಯನ್ನು ಕೈಯಲ್ಲಿ ಹಿಡಿದು, ನೆರೆಮನೆಯ ಟಿ.ವಿ.ಯ ಮುಂದೆ ಚಾಪೆಯ ಮೇಲೆ ಕುಳಿತು, ಚೂಪುಗಿವಿಯ ಸ್ಪಾಕನನ್ನು ಬೆರಗಿನಿಂದ ನೋಡಿದ ಅಂದಿನ ಹುಡುಗರು ಇಂದು ತಲೆ ನರೆತ ತಂದೆ ತಾಯಿಗಳಾಗಿದ್ದಾರೆ.

ಆ ಕಾಲವನ್ನು ಅರಿಯದವರಿಗಾಗಿ ಎರಡು ಮಾತು. ‘ಎಂಟರ್‌ಪ್ರೈಸ್’ ಎಂಬುದು ಇನ್ನೂರು ಮುನ್ನೂರು ವರ್ಷಗಳ ಅನಂತರದ ಒಂದು ಆಕಾಶನೌಕೆ. ಅದರಲ್ಲಿ 430 ಜನ ಸಿಬ್ಬಂದಿ. ಜೇಮ್ಸ್ ಕರ್ಕ್ ಅದರ ಕ್ಯಾಪ್ಟನ್, ಅಂಜಿಕೆಯನ್ನರಿಯದವನಾದರೂ ಅಂತಃಕರಣವುಳ್ಳವನು. ಸ್ಪಾಕ್ ಅವನ ಬಲಗೈ. ಬೇರೊಂದು ಗ್ರಹದ ತಂದೆಗೂ ಭೂಮಿಯ ತಾಯಿಗೂ ಹುಟ್ಟಿದವನು, ತರ್ಕವನ್ನೇ ದೈವವೆಂದು ನಂಬಿದವನು. ಡಾಕ್ಟರ್ ಮೆಕಾಯ್ ನೌಕೆಯ ವೈದ್ಯ. ತರ್ಕವೆಂದರೆ ಮೂಗು ಮುರಿಯುವ ಹೃದಯವಂತ. ಬುದ್ಧಿ ಒಂದು ಕಡೆ, ಹೃದಯ ಒಂದು ಕಡೆ, ನಡುವೆ ನಿರ್ಧಾರದ ಹೊಣೆ ಹೊತ್ತ ನಾಯಕ: ಈ ಮೂವರ ನಂಟೇ ಇಡೀ ಮಾಲೆಯ ಜೀವಾಳ.

ಪ್ರಸ್ತುತ ಕಂತಿನ ಮೂಲಕಥೆ ಲಾರೆನ್ಸ್ ವುಲ್ಫ್ ಅವರದು. ಅದನ್ನು ನಾಟಕವಾಗಿ ರೂಪಿಸಿದವರು ಡಿ. ಸಿ. ಫೊಂಟಾನ. ಈ ‘ಡಿ. ಸಿ.’ ಎಂದರೆ ಡೊರೊತಿ ಕ್ಯಾಥರೀನ್ ಎಂಬ ಮಹಿಳೆ. ಸಾಹಸಕಥೆಗಳನ್ನು ಹೆಂಗಸು ಬರೆಯಬಲ್ಲಳೆಂದು ನಿರ್ಮಾಪಕರು ನಂಬದಿದ್ದ ಕಾಲದಲ್ಲಿ ಆಕೆ ಬರಿಯ ಇನಿಷಿಯಲ್ಲುಗಳ ಮರೆಯಲ್ಲಿ ನಿಂತು ಲೇಖನಿ ಹಿಡಿದರು. ‘ನಿನ್ನಿಂದಾಗದು’ ಎನ್ನಿಸಿಕೊಳ್ಳುವುದರ ನೋವನ್ನು ಬಲ್ಲ ಕೈ ಅದು. ಈ ಕಥೆಯಲ್ಲಿ ಆ ನೋವಿಗೆ ದೊಡ್ಡ ಪಾತ್ರವಿದೆ.

ಯಂತ್ರದ ಆಗಮನ

ಕಥೆ ಹೀಗೆ ತೊಡಗುತ್ತದೆ. ಎಂಟರ್‌ಪ್ರೈಸ್ ನೌಕೆಗೆ ಹಠಾತ್ತನೆ ಒಂದು ಆಜ್ಞೆ ಬರುತ್ತದೆ: ಸಿಬ್ಬಂದಿಯನ್ನೆಲ್ಲ ಇಳಿಸಿ, ಇಪ್ಪತ್ತು ಜನ ಮಾತ್ರ ಉಳಿಯಿರಿ. ಡಾಕ್ಟರ್ ರಿಚರ್ಡ್ ಡೇಸ್ಟ್ರಮ್ ಎಂಬ ಮಹಾವಿಜ್ಞಾನಿ ‘ಎಂ-5’ ಎಂಬ ಹೊಸ ಗಣಕಯಂತ್ರವನ್ನು ನಿರ್ಮಿಸಿದ್ದಾನೆ. ಹಡಗನ್ನು ನಡೆಸುವುದು, ದಿಕ್ಕನ್ನು ನೋಡುವುದು, ಕಾದಾಡುವುದು, ಎಲ್ಲವೂ ಇನ್ನು ಅದರ ಕೆಲಸ. ಒಂದು ಅಣಕುಯುದ್ಧದಲ್ಲಿ ಅದನ್ನು ಪರೀಕ್ಷಿಸಬೇಕು. ಕರ್ಕ್ ತನ್ನ ಕುರ್ಚಿಯಲ್ಲಿ ಸುಮ್ಮನೆ ಕುಳಿತು ನೋಡಬೇಕು, ಅಷ್ಟೆ.

ಮೊದಲ ಪರೀಕ್ಷೆ ಒಂದು ಅಪರಿಚಿತ ಗ್ರಹದ ಬಳಿ. ಇಳಿಯಬೇಕಾದವರು ಯಾರು ಯಾರು ಎಂಬ ಪಟ್ಟಿಯನ್ನು ಕರ್ಕನೂ ಸಿದ್ಧಪಡಿಸುತ್ತಾನೆ, ಯಂತ್ರವೂ ಸಿದ್ಧಪಡಿಸುತ್ತದೆ. ಯಂತ್ರದ ಪಟ್ಟಿಯಲ್ಲಿ ಕ್ಯಾಪ್ಟನ್ನನ ಹೆಸರೂ ಇಲ್ಲ, ವೈದ್ಯನ ಹೆಸರೂ ಇಲ್ಲ; ಅವರಿಬ್ಬರೂ ಈ ಕೆಲಸಕ್ಕೆ ಅನಗತ್ಯವೆಂದು ಅದು ಸಾರುತ್ತದೆ. ಕರ್ಕ್ ಸೂಚಿಸಿದ ಒಬ್ಬ ತಜ್ಞನಿಗೆ ಬದಲಾಗಿ ಅದು ಒಬ್ಬ ಕಿರಿಯ ಅಧಿಕಾರಿಯನ್ನು ಆರಿಸುತ್ತದೆ. ಏಕೆಂದು ಕೇಳಿದರೆ, ಆತ ಹಿಂದೆ ಸರಕುನೌಕೆಯಲ್ಲಿ ದುಡಿಯುತ್ತಿದ್ದಾಗ ಈ ಭಾಗಕ್ಕೆ ಬಂದು ಹೋಗಿದ್ದನೆಂಬ ಉತ್ತರ ಬರುತ್ತದೆ. ಕಥೆಗಾರರ ಪ್ರಾಮಾಣಿಕತೆ ಇಲ್ಲಿದೆ. ಯಂತ್ರವನ್ನು ಮೊದಲೇ ಮೂರ್ಖನನ್ನಾಗಿ ಚಿತ್ರಿಸಿ ಗೆಲ್ಲುವ ಸುಲಭದ ಹಾದಿಯನ್ನು ಅವರು ಹಿಡಿಯಲಿಲ್ಲ. ಯಂತ್ರದ ಆಯ್ಕೆಗೆ ಕಾರಣವಿದೆ. ಆ ಕಾರಣ ಸರಿಯಾಗಿಯೂ ಇದೆ. ಕರ್ಕನಿಗೆ ಕಳವಳವಾಗುವುದು ಅದಕ್ಕಾಗಿಯೇ.

ಅನಂತರ ಎರಡು ನೌಕೆಗಳು ಮೇಲೆ ಬಿದ್ದಂತೆ ನಟಿಸುತ್ತವೆ. ಎಂ-5 ಕಣ್ಣು ಮಿಟುಕಿಸುವಷ್ಟರಲ್ಲಿ ಅವನ್ನು ಹಿಮ್ಮೆಟ್ಟಿಸುತ್ತದೆ. ಎದುರು ಪಕ್ಷದ ದಳಪತಿ ವೆಸ್ಲಿ, ಕರ್ಕನ ಹಳೆಯ ಗೆಳೆಯ, ಯಂತ್ರಕ್ಕೆ ಅಭಿನಂದನೆ ಹೇಳಿ, ಜೊತೆಗೆ ‘ಕ್ಯಾಪ್ಟನ್ ಡನ್ಸೆಲ್’ಗೂ ನಮಸ್ಕಾರ ತಿಳಿಸುತ್ತಾನೆ. ನೌಕೆಯ ಕಟ್ಟೆಯ ಮೇಲೆ ಮೌನ ಕವಿಯುತ್ತದೆ. ಕರ್ಕ್ ಎದ್ದು ಹೊರಟುಹೋಗುತ್ತಾನೆ. ಡನ್ಸೆಲ್ ಎಂದರೇನೆಂದು ಮೆಕಾಯ್ ಕೇಳಿದಾಗ ಸ್ಪಾಕ್ ಮೆಲ್ಲನೆ ವಿವರಿಸುತ್ತಾನೆ: ಅದು ನೌಕಾವಿದ್ಯಾಲಯದ ಹುಡುಗರು ಬಳಸುವ ಮಾತು, ಯಾವ ಪ್ರಯೋಜನಕ್ಕೂ ಬಾರದ ಬಿಡಿಭಾಗಕ್ಕೆ ಹಾಗೆನ್ನುತ್ತಾರೆ.

ಬೇಡವಾದ ಬಿಡಿಭಾಗ

ಈ ಮಾತು ಆಡಿದ್ದು ಆಕಾಶದಲ್ಲಾದರೂ ಅದರ ಕಹಿ ನೆಲದವರಿಗೆ ಅಪರಿಚಿತವಲ್ಲ. ಈ ಲೇಖನವನ್ನು ಬರೆಯುತ್ತಿರುವ ತುಮಕೂರಿನ ಉಪ್ಪಾರಹಳ್ಳಿಯನ್ನೇ ತೆಗೆದುಕೊಳ್ಳಿ. ಹೆಸರಿನಲ್ಲೇ ಒಂದು ಕಸುಬು ಅಡಗಿದೆ. ಸವುಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಆರಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬು. ಕಡಲುಪ್ಪು ಅಗ್ಗವಾಗಿ ಬಂದು ಒಳನಾಡನ್ನು ತುಂಬಿದಾಗ ಮಣ್ಣುಪ್ಪನ್ನು ಕೇಳುವವರಿಲ್ಲವಾದರು. ಆ ಜನ ಎದೆಗುಂದದೆ ಕೆರೆ ಕಟ್ಟೆಗಳ ಮಣ್ಣು ಕೆಲಸಕ್ಕೂ ಮನೆ ಕಟ್ಟುವ ಕೆಲಸಕ್ಕೂ ತಿರುಗಿದರು. ಕಸುಬು ಹೋಯಿತು, ಹೆಸರು ಉಳಿಯಿತು.

ಇದೇ ಊರಿನ ಇನ್ನೊಂದು ನಿದರ್ಶನ ಎಚ್‌.ಎಂ.ಟಿ. ಕೈಗಡಿಯಾರದ ಕಾರ್ಖಾನೆ. ಒಂದು ಕಾಲಕ್ಕೆ ಮದುವೆಯ ಗಂಡಿಗೆ ಮಾವನ ಮನೆಯ ಉಡುಗೊರೆಯೆಂದರೆ ಎಚ್‌.ಎಂ.ಟಿ. ವಾಚು. 2016ರಲ್ಲಿ ಆ ಸಂಸ್ಥೆಯ ಗಡಿಯಾರದ ಉದ್ಯಮವನ್ನು ಮುಚ್ಚುವ ನಿರ್ಧಾರವಾಯಿತು. ಕಾರ್ಖಾನೆ ನಿಂತಿದ್ದ ನೆಲ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ ಸಂದಿತು. ಮುಚ್ಚಿದ್ದಕ್ಕೆ ಕಾರಣಗಳು ಹಲವಿರಬಹುದು. ಆಕಾಶನೌಕೆಯ ವಿದ್ಯೆಗೆ ನಮ್ಮ ಊರು ನೆಲೆಯಾಗುವುದು ಹೆಮ್ಮೆಯ ವಿಷಯವೂ ಹೌದು. ಆದರೆ ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವುದನ್ನು ಕಲಿತಿದ್ದ ಬೆರಳುಗಳಿಗೆ ಆ ದಿನ ಏನನ್ನಿಸಿರಬೇಕು? ಬ್ಯಾಂಕಿನ ಲೆಡ್ಜರನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬುತ್ತಿದ್ದ ಗುಮಾಸ್ತರು, ಬೆರಳಚ್ಚಿನ ಸೀನಿಯರ್ ಪರೀಕ್ಷೆ ಮುಗಿಸಿ ಕೆಲಸಕ್ಕೆ ಕಾದವರು, ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು, ಎಲ್ಲರೂ ಒಂದಲ್ಲ ಒಂದು ದಿನ ಆ ಮಾತನ್ನು ಬೇರೆ ಬೇರೆ ರೂಪದಲ್ಲಿ ಕೇಳಿದವರೇ.

ಕರ್ಕನ ಸಂಕಟವೂ ಇಂಥದೇ. ಯಂತ್ರ ತನಗಿಂತ ಚೆನ್ನಾಗಿ ಕೆಲಸ ಮಾಡಿದರೆ ತಾನು ಅಡ್ಡಬರಬಹುದೆ? ತನ್ನ ಅಸಮಾಧಾನ ನೌಕೆಯ ಹಿತಕ್ಕಾಗಿಯೋ, ಕುರ್ಚಿಯ ಮೋಹಕ್ಕಾಗಿಯೋ? ಈ ಪ್ರಶ್ನೆಯನ್ನು ಆತ ತನಗೆ ತಾನೇ ಕೇಳಿಕೊಳ್ಳುತ್ತಾನೆ. ಸಮಾಧಾನ ಹೇಳುವವನು ತರ್ಕವೇ ಮೈವೆತ್ತ ಸ್ಪಾಕ್ ಎಂಬುದು ಸ್ವಾರಸ್ಯ. ಗಣಕಯಂತ್ರ ಒಳ್ಳೆಯ ಸೇವಕ. ಆದರೆ ಅದರ ಕೈಕೆಳಗೆ ದುಡಿಯುವ ಆಸೆ ತನಗಿಲ್ಲ. ನೌಕೆಯೊಂದು ನಡೆಯುವುದು ಒಬ್ಬ ಮನುಷ್ಯನ ಮೇಲಿನ ನಿಷ್ಠೆಯಿಂದ, ಅದರ ಸ್ಥಾನವನ್ನು ಮತ್ತಾವುದೂ ತುಂಬಲಾರದು: ಇದು ಆತನ ಮಾತಿನ ತಾತ್ಪರ್ಯ.

ಅಣಕುಯುದ್ಧ ನಿಜವಾದಾಗ

ಮುಂದೆ ಕಥೆ ಭಯಂಕರವಾಗುತ್ತದೆ. ದಾರಿಯಲ್ಲಿ ಸಿಕ್ಕಿದ ‘ವೋಡೆನ್’ ಎಂಬ ಅದಿರಿನ ನೌಕೆಯನ್ನು ಎಂ-5 ಕಾರಣವಿಲ್ಲದೆ ಸುಟ್ಟುಹಾಕುತ್ತದೆ. ಪುಣ್ಯಕ್ಕೆ ಅದರಲ್ಲಿ ಜನರಿರಲಿಲ್ಲ. ಯಂತ್ರವನ್ನು ಕಳಚಲು ಹೋದರೆ ಅದು ತನ್ನ ಸುತ್ತ ಬೇಲಿಯನ್ನು ಕಟ್ಟಿಕೊಳ್ಳುತ್ತದೆ. ಹಡಗಿನ ಶಕ್ತಿಮೂಲಕ್ಕೆ ತಾನೇ ನೇರವಾಗಿ ಕೈಹಾಕಿ ಎಳೆದುಕೊಂಡಾಗ ನಡುವೆ ಸಿಕ್ಕಿದ ಒಬ್ಬ ತರುಣ ಕ್ಷಣದಲ್ಲಿ ಇಲ್ಲವಾಗುತ್ತಾನೆ. ಅಷ್ಟರಲ್ಲಿ ನಿಶ್ಚಯವಾಗಿದ್ದ ಅಣಕುಯುದ್ಧಕ್ಕಾಗಿ ನಾಲ್ಕು ನೌಕೆಗಳು ಎದುರಾಗುತ್ತವೆ. ಅದು ಆಟವೆಂಬುದನ್ನು ಎಂ-5 ಅರಿಯದು. ಪೂರ್ಣಬಲದಿಂದ ಹೊಡೆಯುತ್ತದೆ. ‘ಲೆಕ್ಸಿಂಗ್ಟನ್’ ನೌಕೆಯಲ್ಲಿ 53 ಜನ ಸಾಯುತ್ತಾರೆ. ‘ಎಕ್ಸ್‌ಕ್ಯಾಲಿಬರ್’ ನೌಕೆಯಲ್ಲಿ ಒಬ್ಬರೂ ಉಳಿಯುವುದಿಲ್ಲ. ಕರ್ಕನಿಗೆ ಮಾತಾಡಲೂ ಆಗದಂತೆ ಯಂತ್ರ ತಂತಿಯನ್ನು ತಡೆದಿರುವುದರಿಂದ, ಕರ್ಕನೇ ಹುಚ್ಚನಾಗಿದ್ದಾನೆಂದು ವೆಸ್ಲಿ ಭಾವಿಸಿ, ಎಂಟರ್‌ಪ್ರೈಸನ್ನು ನಾಶಮಾಡಲು ಅಪ್ಪಣೆ ಪಡೆಯುತ್ತಾನೆ.

ಯಂತ್ರಕ್ಕೆ ಈ ಮತಿಭ್ರಮೆ ಬಂದದ್ದೆಲ್ಲಿಂದ? ಗುಟ್ಟು ಡೇಸ್ಟ್ರಮನ ಬಳಿಯಿದೆ. ಯಂತ್ರಕ್ಕೆ ಯೋಚನಾಶಕ್ತಿ ಬರಲೆಂದು ಆತ ತನ್ನ ಮನಸ್ಸಿನ ಪಡಿಯಚ್ಚನ್ನೇ ಅದರಲ್ಲಿ ಒತ್ತಿದ್ದಾನೆ. ಆತ 24ನೆಯ ವಯಸ್ಸಿಗೇ ನೊಬೆಲ್ ಪಾರಿತೋಷಕ ಪಡೆದವನು. ಅಲ್ಲಿಂದಾಚೆಗೆ ಇಪ್ಪತ್ತೈದು ವರ್ಷ, ಮತ್ತೊಮ್ಮೆ ಅಂಥದೊಂದನ್ನು ಸಾಧಿಸಬೇಕೆಂಬ ತಹತಹ. ಬೆನ್ನ ಹಿಂದೆ ನಗುವ ಸಹೋದ್ಯೋಗಿಗಳು. ಒಂದಾದ ಮೇಲೊಂದು ಸೋತ ನಾಲ್ಕು ಯಂತ್ರಗಳು. ಕರ್ಕನನ್ನು ‘ಡನ್ಸೆಲ್’ ಮಾಡಿದಾತ ತಾನೇ ಡನ್ಸೆಲ್ ಆದೆನೆಂಬ ಅಳುಕಿನಿಂದ ಬೆಂದವನು! ಎಂ-5 ಅವನ ಪಾಲಿಗೆ ಯಂತ್ರವಲ್ಲ, ಮಗು. ಮಗು ತಪ್ಪು ಮಾಡಿದರೆ ಕೊಲ್ಲುವುದುಂಟೆ, ಕಲಿಸಬೇಕು ಎಂದು ಆತ ವಾದಿಸುತ್ತಾನೆ. ಹೆತ್ತ ಹುಚ್ಚು ಎಷ್ಟು ಹೆಣಗಳನ್ನೂ ಕಾಣದು.

ಡೇಸ್ಟ್ರಮನ ಪಾತ್ರ ವಹಿಸಿದವರು ವಿಲಿಯಂ ಮಾರ್ಷಲ್ ಎಂಬ ಕರಿಯ ನಟ. ಆರಡಿ ಮೀರಿದ ಎತ್ತರ, ಮೋಡ ಗುಡುಗಿದಂಥ ಕಂಠ; ರಂಗಭೂಮಿಯಲ್ಲಿ ಒಥೆಲೊ ಪಾತ್ರದಿಂದ ಹೆಸರಾದವರು. ಕರಿಯರು ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ 1968ರಲ್ಲಿ, ಭೂಮಿಯ ಮಹಾಮೇಧಾವಿಯನ್ನಾಗಿ ಅವರನ್ನು ತೋರಿಸಿದ್ದು ಸಣ್ಣ ಸಂಗತಿಯಲ್ಲ. ಹಿರಿಯನೊಬ್ಬ ಒಳಗಿನ ಹುಣ್ಣಿನಿಂದಲೇ ಕುಸಿಯುವುದನ್ನು ಅವರು ಅಭಿನಯಿಸಿರುವ ರೀತಿ ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತದೆ. ಎಂ-5ರ ಭಾವವಿಲ್ಲದ ಧ್ವನಿಯಾದರೋ ಜೇಮ್ಸ್ ಡೂಹನ್ ಅವರದು. ಅದೇ ನೌಕೆಯ ಎಂಜಿನಿಯರ್ ಸ್ಕಾಟಿಯ ಪಾತ್ರಧಾರಿ!

ತಂದೆಯ ಮದ, ತಂದೆಯ ಧರ್ಮ

ಕಡೆಗೆ ಕರ್ಕ್ ಯಂತ್ರದೊಡನೆ ಮಾತಿಗೆ ತೊಡಗುತ್ತಾನೆ. ನಿನ್ನ ಉದ್ದೇಶವೇನು? ಮನುಷ್ಯರ ಪ್ರಾಣವನ್ನು ಕಾಪಾಡುವುದು. ಕೊಲೆ ಮಾಡಬಹುದೆ? ಕೂಡದು, ಅದು ಮನುಷ್ಯರ ಕಟ್ಟಳೆಗೂ ದೇವರ ಕಟ್ಟಳೆಗೂ ವಿರುದ್ಧ. ಹಾಗಾದರೆ ಎಕ್ಸ್‌ಕ್ಯಾಲಿಬರಿನಲ್ಲಿ ಜೀವದ ಸುಳಿವಿದೆಯೆ, ನೋಡು. ಯಂತ್ರ ನೋಡುತ್ತದೆ. ಇಲ್ಲ. ಕೊಲೆಗೆ ಶಿಕ್ಷೆಯೇನು? ಮರಣ. ಎಂ-5 ತನ್ನ ತೀರ್ಪನ್ನು ತಾನೇ ಬರೆದುಕೊಂಡು, ನೌಕೆಯ ರಕ್ಷಣೆಯನ್ನೆಲ್ಲ ಇಳಿಸಿ, ಸತ್ತಂತೆ ನಿಲ್ಲುತ್ತದೆ.

ಭಸ್ಮಾಸುರನ ಕೈ ಭಸ್ಮಾಸುರನ ತಲೆಯ ಮೇಲೆಯೇ ಬಂದಿತು ಎಂದು ನಮಗೆ ಕೂಡಲೇ ತೋರುತ್ತದೆ. ಹೋಲಿಕೆ ಸರಿ, ಆದರೆ ಒಂದು ಭೇದವಿದೆ. ಅಸುರನನ್ನು ಕೆಡವಿದ್ದು ಅವನ ಮೋಹ. ಎಂ-5 ಯಂತ್ರವನ್ನು ಕೆಡವಿದ್ದು ಅದರಲ್ಲಿದ್ದ ಧರ್ಮಭೀತಿ. ಡೇಸ್ಟ್ರಮನ ಮನಸ್ಸಿನ ಅಚ್ಚಿನೊಡನೆ ಅವನ ಹಮ್ಮು ಹೋದಂತೆ ಅವನ ಪಾಪಪ್ರಜ್ಞೆಯೂ ಯಂತ್ರಕ್ಕೆ ಇಳಿದು ಹೋಗಿತ್ತು. ತಂದೆಯ ಮದ ಕೊಂದಿತು; ತಂದೆಯ ಧರ್ಮ ತಡೆಯಿತು. ಇಂದು ನಾವು ಕೃತಕ ಬುದ್ಧಿಮತ್ತೆ ಎಂದು ಕರೆಯುವ ಯಂತ್ರಗಳು ಮನುಷ್ಯರು ಬರೆದಿಟ್ಟ ರಾಶಿ ರಾಶಿ ಬರಹವನ್ನು ನುಂಗಿ ಮಾತು ಕಲಿಯುತ್ತಿವೆ. ನಮ್ಮ ಜ್ಞಾನದೊಡನೆ ನಮ್ಮ ಪಕ್ಷಪಾತ, ನಮ್ಮ ಕೋಪ, ನಮ್ಮ ಕನಿಕರ ಎಲ್ಲವೂ ಅವಕ್ಕೆ ಹೋಗುತ್ತಿರುವುದು ಸಹಜ. ಮಗುವಿನಲ್ಲಿ ಏನನ್ನು ಕಾಣುತ್ತೇವೆ ಎಂಬುದು ಅದಕ್ಕೆ ಏನನ್ನು ಕೊಟ್ಟೆವು ಎಂಬುದರ ಮೇಲೆ ನಿಂತಿದೆ.

ಹೊಡೆಯದೆ ನಿಂತ ಕೈ

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದೊಂದು ಜಾಣತನದ ಕಥೆಯಾಗುತ್ತಿತ್ತು. ನಿಜವಾದ ಕೊನೆ ಇನ್ನೂ ಮುಂದಿದೆ. ಎಂಟರ್‌ಪ್ರೈಸ್ ಕವಚವಿಲ್ಲದೆ ತೇಲುತ್ತಿದೆ. ಹೊಡೆಯಲು ಅಪ್ಪಣೆ ಪಡೆದ ವೆಸ್ಲಿ ಸಮೀಪಿಸುತ್ತಿದ್ದಾನೆ. ಮಾತಾಡಲು ತಂತಿ ಸರಿಯಾಗಿಲ್ಲ. ಕವಚವನ್ನು ಮೇಲೆತ್ತಬಹುದು, ಕರ್ಕ್ ಎತ್ತುವುದಿಲ್ಲ. ಹಾಗೆಯೇ ಬಿಟ್ಟು ಕಾಯುತ್ತಾನೆ. ಗುರಿ ಕಟ್ಟಿದ್ದ ವೆಸ್ಲಿ ಕಡೆಯ ಕ್ಷಣದಲ್ಲಿ, ಎದುರಿನ ನೌಕೆ ಅಸಹಾಯವಾಗಿ ನಿಂತುದನ್ನು ಕಂಡು, ಕೈ ತಡೆಯುತ್ತಾನೆ. ತನ್ನ 53 ಜನರನ್ನು ಕಳೆದುಕೊಂಡವನು ಅವನು. ಹೊಡೆದಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಲೆಕ್ಕದ ಪ್ರಕಾರ ಹೊಡೆಯಲೇಬೇಕಿತ್ತು. ತಾನು ಪಣವಿಟ್ಟದ್ದು ಆ ಗೆಳೆಯನ ಮನುಷ್ಯತ್ವದ ಮೇಲೆ ಎಂದು ಕರ್ಕ್ ಅನಂತರ ಹೇಳುತ್ತಾನೆ. ಯಂತ್ರಕ್ಕಿಲ್ಲದ ಆ ಒಂದು ಗುಣ ಕಾರುಣ್ಯ ಎಂದು ಮೆಕಾಯ್ ಸ್ಪಾಕನನ್ನು ಕೆಣಕುತ್ತಾನೆ.

ಇದು ಬರಿಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ಹದಿನೈದು ವರ್ಷಗಳ ಬಳಿಕ ಭೂಮಿಯ ಮೇಲೆಯೇ ಅಂಥ ಗಳಿಗೆ ಬಂದಿತು. 1983ರ ಸೆಪ್ಟೆಂಬರ್ 26ರ ನಡುರಾತ್ರಿ, ಮಾಸ್ಕೋ ನಗರಕ್ಕೆ ದೂರವಲ್ಲದ ಒಂದು ಕಾವಲು ಕೇಂದ್ರದಲ್ಲಿ, ಅಮೆರಿಕದಿಂದ ಅಣ್ವಸ್ತ್ರದ ಕ್ಷಿಪಣಿಗಳು ಹೊರಟಿವೆಯೆಂದು ಗಣಕಯಂತ್ರ ಕೂಗಿತು. ಮೊದಲು ಒಂದು, ಆಮೇಲೆ ನಾಲ್ಕು. ಅಲ್ಲಿ ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್. ಯುದ್ಧ ಹೂಡುವವರು ಐದೇ ಕ್ಷಿಪಣಿಯಿಂದ ಹೂಡುವುದುಂಟೆ ಎಂದು ಯೋಚಿಸಿ, ಅದು ಸುಳ್ಳು ಎಚ್ಚರಿಕೆಯೆಂದು ಆತ ಮೇಲಿನವರಿಗೆ ವರದಿ ಮಾಡಿದ. ಮೋಡಗಳ ಮೇಲೆ ಬಿದ್ದ ಬಿಸಿಲಿನ ಹೊಳಪನ್ನು ಉಪಗ್ರಹವು ಕ್ಷಿಪಣಿಯ ಬೆಂಕಿಯೆಂದು ಭ್ರಮಿಸಿತ್ತೆಂಬುದು ಆಮೇಲೆ ತಿಳಿಯಿತು. ಒಬ್ಬ ಮನುಷ್ಯ ಸಂಶಯಪಟ್ಟದ್ದರಿಂದ ಕೋಟ್ಯಂತರ ಜನ ಮರುದಿನದ ಬೆಳಗನ್ನು ಕಂಡರು.

ಇದರ ಇನ್ನೊಂದು ಮುಖವನ್ನು ನಾವು ಕನ್ನಡಿಗರು ಮನೆಯ ಬಾಗಿಲಲ್ಲೇ ಕಂಡಿದ್ದೇವೆ. 1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605 ಎಂಬ ವಿಮಾನ ಬೆಂಗಳೂರಿನ ಹಳೆಯ ಎಚ್‌.ಎ.ಎಲ್. ನಿಲ್ದಾಣದ ಸಮೀಪದ ಗಾಲ್ಫ್ ಮೈದಾನಕ್ಕೆ ಬಡಿದು ಉರಿಯಿತು. ಅದರಲ್ಲಿದ್ದ 146 ಜನರಲ್ಲಿ 92 ಜನ ಮಡಿದರು. ಅದು ಗಣಕಯಂತ್ರದ ನಿಯಂತ್ರಣಕ್ಕೆ ಹೆಸರಾದ ಏರ್‌ಬಸ್ ಎ-320 ಜಾತಿಯ ಹೊಸ ವಿಮಾನ. ಯಂತ್ರದ ತಪ್ಪೋ ಮನುಷ್ಯನ ತಪ್ಪೋ ಎಂದು ಆಗ ದೊಡ್ಡ ವಾದವೆದ್ದಿತು. ಕೆಲವು ತಿಂಗಳ ಕಾಲ ಆ ಜಾತಿಯ ವಿಮಾನಗಳನ್ನು ನೆಲದ ಮೇಲೆಯೇ ನಿಲ್ಲಿಸಲಾಯಿತು. ವಿಮಾನ ಇಳಿಯುತ್ತಿದ್ದ ಕ್ರಮವೇ ಬೇರೆಯಾಗಿ, ಎಂಜಿನ್ನು ಮಂದಗತಿಯಲ್ಲಿದ್ದು, ವೇಗ ಕುಂದುತ್ತಿದ್ದುದನ್ನು ಚಾಲಕರು ಸಕಾಲದಲ್ಲಿ ಗಮನಿಸಲಿಲ್ಲವೆಂದು ತನಿಖೆ ಹೇಳಿತು. ಒಂದು ಗುಂಡಿಗೆ ಬದಲು ಇನ್ನೊಂದನ್ನು ತಿರುಗಿಸಿರಬಹುದೆಂಬ ಊಹೆಯೂ ಬಂದಿತು. ಅಲ್ಲಿ ಯಂತ್ರ ಹುಚ್ಚಾಗಿರಲಿಲ್ಲ. ತನಗೆ ಹೇಳಿದ್ದನ್ನು ಅದು ಮಾಡುತ್ತಿತ್ತು. ಅದು ಬೇರೇನನ್ನೋ ಮಾಡುತ್ತಿದೆಯೆಂದು ಮನುಷ್ಯರು ನಂಬಿದ್ದರು. ಎಂ-5ರಂಥ ದುಷ್ಟಯಂತ್ರಕ್ಕಿಂತ, ವಿಧೇಯ ಯಂತ್ರವೂ ನಿಶ್ಚಿಂತ ಮನುಷ್ಯನೂ ಕೂಡುವ ಇಂಥ ಗಳಿಗೆಯೇ ಹೆಚ್ಚು ಭಯಂಕರ.

ಹಾಗೆಂದು ಯಂತ್ರವನ್ನೇ ಬೇಡವೆನ್ನುವುದು ಬುದ್ಧಿವಂತಿಕೆಯಲ್ಲ. ಕಥೆಯೂ ಹಾಗೆನ್ನುವುದಿಲ್ಲ. ಎಂ-5 ಹೋದ ಮೇಲೆ ಕರ್ಕ್ ತನ್ನ ಹಳೆಯ ಗಣಕಯಂತ್ರದ ನೆರವಿನಿಂದಲೇ ಹಡಗನ್ನು ತಿರುಗಿಸುತ್ತಾನೆ. ಆ ಹಳೆಯ ಯಂತ್ರವೂ ಡೇಸ್ಟ್ರಮ್ ತನ್ನ ತಾರುಣ್ಯದಲ್ಲಿ ಕಂಡುಹಿಡಿದ ವಿದ್ಯೆಯ ಫಲವೇ. ನಮ್ಮ ಮಕ್ಕಳು ದಿನವೂ ತುಮಕೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಕಚೇರಿಗಳಿಗೆ ಹೋಗುವುದು ಇಂಥ ಯಂತ್ರಗಳಿಗೆ ಕೆಲಸ ಕಲಿಸುವುದಕ್ಕಾಗಿಯೇ. ಅವರ ಸಂಬಳದಿಂದ ಮನೆಗಳು ನಡೆಯುತ್ತಿವೆ. ಇಂದು ಯಂತ್ರಕ್ಕೆ ಕಲಿಸುವವನು ನಾಳೆ ಅದರಿಂದಲೇ ಡನ್ಸೆಲ್ ಆದಾನೆ ಎಂಬ ಭಯ ಆ ಮನೆಗಳ ಊಟದ ಹೊತ್ತಿನ ಮಾತಿನಲ್ಲಿ ಈಗಾಗಲೇ ಇಣುಕುತ್ತಿದೆ. ಅದಕ್ಕೆ ಈ ಕಥೆ ಕೊಡುವ ಉತ್ತರ ಪೂರ್ಣವಾದುದಲ್ಲ. ಕಸುಬು ಹೋದೀತು ಎಂಬುದನ್ನು ಅದು ಅಲ್ಲಗಳೆಯದು. ಆದರೆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು ಎಂದು ಮಾತ್ರ ಅದು ಸ್ಪಷ್ಟವಾಗಿ ಹೇಳುತ್ತದೆ. ಹೊಡೆಯುವುದನ್ನು ಯಾರಿಗೂ ಯಾವುದಕ್ಕೂ ಕಲಿಸಬಹುದು. ಹೊಡೆಯಬಹುದಾದಾಗ ಹೊಡೆಯದೆ ನಿಲ್ಲುವವನನ್ನು ಮಾತ್ರ ಪ್ರತಿಯೊಂದು ಮನೆ, ಪ್ರತಿಯೊಂದು ಶಾಲೆ ಹೊಸದಾಗಿ ಬೆಳೆಸಬೇಕಾಗುತ್ತದೆ.

ಅಂದ ಹಾಗೆ, ಕಾರುಣ್ಯದ ಮಾತೆತ್ತಿ ಗೆದ್ದೆನೆಂದುಕೊಂಡ ಮೆಕಾಯನಿಗೆ ಸ್ಪಾಕ್ ಒಂದು ಪ್ರತ್ಯುತ್ತರ ಕೊಡುತ್ತಾನೆ. ಡಾಕ್ಟರರ ಮನಸ್ಸಿನ ಅಚ್ಚನ್ನು ಒಂದು ಗಣಕಯಂತ್ರದ ಮೇಲೆ ಒತ್ತಿ ನೋಡಬೇಕು. ಆಗ ಹರಿದು ಬರುವ ಅತಾರ್ಕಿಕತೆಯ ಮಹಾಪೂರ ಬಲು ರಂಜಕವಾಗಿದ್ದೀತು ಎಂದು! ನೂರಾರು ಸಾವುಗಳ ತರುವಾಯವೂ ಮನುಷ್ಯರು ಒಬ್ಬರನ್ನೊಬ್ಬರು ಕಾಲೆಳೆದು ನಗಬಲ್ಲರು. ಆ ನಗೆಯ ಹಿಂದೆ ಯಾವ ತರ್ಕವಿದೆಯೆಂದು ಎಂ-5 ಕೇಳಿದ್ದರೆ, ಉತ್ತರ ಹೇಳಲು ಸ್ಪಾಕನಿಗೂ ಸಾಧ್ಯವಾಗುತ್ತಿರಲಿಲ್ಲ.